ಗಪ್‌ಚಿಪ್ ಗಿಟಾರು

ಗಜೇಂದ್ರಗಡದಲ್ಲಿ ಮನೆ ಬಾಡಿಗೆಗೆ ಹಿಡಿದಾಗ ಮಾಲೀಕರು ಒಂದೇ ಮಾತು ಕೇಳಿದರು: "ಮಗ್ಗದ ಸಪ್ಪಳ ಇರತೈತ್ರಿ ಮಾಸ್ತರ, ನಡೀತೈತೇನು?" ನಡೆಯುವುದೇನು, ನನಗೆ ಕುಣಿಯುವಷ್ಟು ಸಂತೋಷವಾಯಿತು. ಪಟ್ಟೇದಂಚು ಸೀರೆಯ ಊರು; ಹಗಲೆಲ್ಲ ಓಣಿಯ ತುಂಬ ಲಟಕ್-ಪಟಕ್. ಇಷ್ಟು ಸದ್ದು ಸಹಿಸುವವರು ನನ್ನ ಗಿಟಾರನ್ನು ಸಹಿಸರೇ? ಮಗ್ಗ ಸಪ್ಪಳ ಮಾಡಿದರೆ ಸೀರೆ ಬರುತ್ತದೆ, ನಾನು ಮಾಡಿದರೆ ಏನೂ ಬರುವುದಿಲ್ಲ ಎಂಬುದು ಹೊಳೆಯಲು ಮೂರು ರಾತ್ರಿ ಹಿಡಿಯಿತು.

ತಪ್ಪು ನನ್ನ ಆಂಪ್ಲಿಫಯರಿನದು. ಅದು ವಾಲ್ವಿನದು, 15 ವ್ಯಾಟಿನದು. ಹದಿನೈದು ವ್ಯಾಟ್ ಎಂದರೆ ಪಡಸಾಲೆಯ ಎಲ್‌ಇಡಿ ಬಲ್ಬಿನಷ್ಟು ಎಂದು ನಂಬಿ ತಂದಿದ್ದೆ. ಹಚ್ಚಿ ನೋಡಿದ ಮೇಲೆ ಗೊತ್ತಾಯಿತು, ಬಲ್ಬಿಗೆ ಬಾಯಿಲ್ಲ. ಸಣ್ಣಗೆ ಇಟ್ಟರೆ ಅದು ಜ್ವರ ಬಂದವರ ಹಾಗೆ ನರಳುತ್ತದೆ. ವಾಲ್ವಿನ ಜಾಯಮಾನವೇ ಹಾಗೆ, ಮೈಮುರಿದು ದುಡಿಸಿದರೆ ಮಾತ್ರ ಹಾಡುವುದು. ಕಿವಿಯ ಲೆಕ್ಕವೂ ವಿಚಿತ್ರ. ಹದಿನೈದನ್ನು ಒಂದೂವರೆ ವ್ಯಾಟಿಗೆ ಇಳಿಸಿದರೂ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ಕೇಳುತ್ತದೆ, ಅಷ್ಟೇ. ಮೊದಲು ಅದನ್ನು ನರಗುಂದದ ಅಕ್ಕನ ಮನೆಯಲ್ಲಿ ಇಟ್ಟಿದ್ದೆ. 1858ರಲ್ಲಿ ಇಂಗ್ಲಿಷರ ಮೇಲೆ, 1980ರಲ್ಲಿ ನೀರಿನ ಕರದ ಮೇಲೆ ತಿರುಗಿಬಿದ್ದ ಊರು ಅದು. ಅಕ್ಕ ಗುಡ್ಡದ ಕಡೆ ಕೈ ತೋರಿಸಿದಳು: "ಅಲ್ಲಿ ಒಯ್ದು ಬಾರ್ಸು, ಇಲ್ಲಾ ಬಸ್ ಹತ್ತು." ಬಸ್ ಹತ್ತಿದೆ.

ಹೆಡ್‌ಫೋನ್ ಹಾಕಿಕೊಂಡರಾಯಿತಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡು ಸ್ಪೀಕರಿನ ವಾಯರ್ ಕಿತ್ತು ಗಿಟಾರು ಬಾರಿಸಿದೆ. ಘಮ್ಮೆಂದು ಸುಟ್ಟ ವಾಸನೆ. ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವ ಹಿರಿಯರು ಒಳಗೆ ಇಣುಕಿ, "ತೂಬು ಮುಚ್ಚಿ ಕಾಲುವಿಗೆ ನೀರು ಬಿಟ್ಟೀರಿ, ಏರಿ ಒಡೀದ ಏನ್ ಮಾಡ್ತದ?" ಎಂದರು. ಮಲಪ್ರಭೆಯ ಕಾಲುವೆ ಕಂಡವನಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು? ವಾಲ್ವ್ ಆಂಪ್ಲಿಫಯರಿಗೆ ಸ್ಪೀಕರೆಂಬ ಹೊರೆ ಇರಲೇಬೇಕು. ಇಲ್ಲದಿದ್ದರೆ ಹೊರಹೋಗಲು ದಾರಿ ಕಾಣದ ವೋಲ್ಟೇಜು ಏರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ಅವರ ಡಬ್ಬಿಯಲ್ಲಿ ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಹಳೆಯ ವಾಲ್ವುಗಳು ಹತ್ತಿಯಲ್ಲಿ ಸುತ್ತಿಕೊಂಡು, ಬಾಣಂತಿ ಕೋಣೆಯ ಕೂಸುಗಳ ಹಾಗೆ ಮಲಗಿದ್ದವು. ಮುಟ್ಟಗೊಡಲಿಲ್ಲ.

ಈಗ ಸ್ಪೀಕರಿನ ಜಾಗದಲ್ಲಿ ಎಂಟು ಓಮಿನ ದೊಡ್ಡ ರೆಸಿಸ್ಟರಿನ ಪೆಟ್ಟಿಗೆ ಕೂತಿದೆ. ವಾಲ್ವುಗಳ ದುಡಿಮೆಯನ್ನೆಲ್ಲ ಅದು ಬಿಸಿ ಮಾಡಿ ಕಳೆಯುತ್ತದೆ; ಅದರ ಒಂದು ಹನಿ ಮಾತ್ರ ಹೆಡ್‌ಫೋನಿಗೆ ಬರುತ್ತದೆ. ಆ ಹನಿಯನ್ನೂ ಸೋಸಬೇಕು. ಗಿಟಾರ್ ಸ್ಪೀಕರಿನ ಕಾಗದ 5,000 ಹರ್ಟ್ಸ್ ದಾಟಿದ ಕೀರಲನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಆ ಉಪಕಾರ ಇಲ್ಲದಿದ್ದರೆ ಕಿವಿಯೊಳಗೆ ಕಣಜದ ಗೂಡಿಗೆ ಕಲ್ಲು ಬಿದ್ದಂತೆ ಕೇಳುತ್ತದೆ.

ಇಷ್ಟೆಲ್ಲ ಮಾಡಿ ಗಪ್ಪಾದೆ. ಆದರೆ ನಮ್ಮ ಸೀಮೆಯಲ್ಲಿ ಗಪ್ಪಾದ ರಿಯಾಜಿಗೆ ಮರ್ಯಾದೆ ಇಲ್ಲ. ನಾನು ದಿನಾ ಕೆಲಸಕ್ಕೆ ಹೋಗುವ ರೋಣ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು. ಬ್ಯಾಂಡು, ಭಜನೆ ಎಲ್ಲಿ ಕೇಳಿದರೂ ಹಿಂದೆ ಹೋಗಿ, ದಣಿದಲ್ಲೇ ಮಲಗುತ್ತಿದ್ದ ಹುಡುಗ. ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟಿದ್ದರಂತೆ. ಮುಂದೆ ಅಂಗಡಿಯೊಂದರ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರನ್ನು ಕೇಳಿ ಮನೆಯನ್ನೇ ಬಿಟ್ಟರು. ಆ ಅಂಗಡಿಕಾರ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರೆ? ಬಸ್ಸಿನಲ್ಲಿ ಇದನ್ನು ನೆನೆದಾಗೆಲ್ಲ ನನ್ನ ಪೆಟ್ಟಿಗೆಯ ಬಗ್ಗೆ ಸಣ್ಣ ಪಾಪಪ್ರಜ್ಞೆ ಕಾಡುತ್ತದೆ. ಆದರೆ ನನ್ನ ಗಿಟಾರು ಕೇಳಿ ಮನೆ ಬಿಡುವವರು ಸಂಗೀತ ಕಲಿಯಲಿಕ್ಕಂತೂ ಹೋಗಲಾರರು.

ಒಂದು ವಾರ ಕಳೆದಿರಬೇಕು. ಪಕ್ಕದ ಮನೆಯ ಆಯಿ ತಡೆದು ನಿಲ್ಲಿಸಿ ಕೇಳಿದಳು: "ಅಲ್ರೀ ಮಾಸ್ತರ, ರಾತ್ರಿ ಯಾರ ಜೋಡಿ ಜಗಳಾಡ್ತೀರಿ? ಒಬ್ಬರ ಇರೋದು ನೀವು."

ಆಗ ತಿಳಿಯಿತು. ಗಿಟಾರಿನ ಜೊತೆ ನಾನು ಹಾಡುತ್ತಿದ್ದೆ. ಕಿವಿ ಮುಚ್ಚಿದ್ದರಿಂದ ನನಗೆ ಕೇಳಿಸುತ್ತಿದ್ದುದು ಗಿಟಾರು. ಮಗ್ಗ ನಿಂತ ಓಣಿಗೆ ಕೇಳಿಸುತ್ತಿದ್ದುದು ನನ್ನ ಬೋಳು ದನಿ, ನೆಲಕ್ಕೆ ಒದೆಯುವ ಕಾಲು, ನಡುನಡುವೆ ತಂತಿಯ ಟಿಣ್ ಟಿಣ್.

ಅಪವಾದ ಕಳೆಯಲು ಅಂದು ರಾತ್ರಿ ಆಯಿಯನ್ನೇ ಕರೆದೆ. ಸ್ವಿಚ್ ಹಾಕಿದ ಕೂಡಲೆ ಬಾರಿಸಹೋದವನನ್ನು ಆಕೆಯೇ ತಡೆದಳು: "ತಡೀರಿ, ಕಾಯ್ಲಿ." ವಾಲ್ವುಗಳು ಕೆಂಪಗಾಗಿ, ಧೂಳು ಕಾದ ವಾಸನೆ ಬಂತು. ಆಯಿ ಕಣ್ಣು ಮುಚ್ಚಿ ಮೂಸಿದಳು. "ನಮ್ಮ ಮಾವನೋರು ರೇಡಿಯೋ ತಂದಿದ್ರು. ಹಿಂಗ ಕಾದ ಮ್ಯಾಲೆ ಧಾರವಾಡ ಹತ್ತತಿತ್ತು."

ಹೆಡ್‌ಫೋನನ್ನು ಆಕೆಯ ಸೆರಗಿನ ಮೇಲೆಯೇ ಕೂಡಿಸಿ, ನನಗೆ ಬರುವ ಒಂದೇ ಒಂದು ಶುದ್ಧ ತುಣುಕನ್ನು ಬಾರಿಸಿದೆ. ಆಯಿ ತಲೆದೂಗಿದಳು. ಆಮೇಲೆ, ಸರಿರಾತ್ರಿ ಹನ್ನೊಂದಕ್ಕೆ, ತನ್ನ ದನಿ ತನಗೇ ಕೇಳದ ಜೋರಿನಲ್ಲಿ, ಕಾಲಕಾಲೇಶ್ವರನ ಗುಡ್ಡಕ್ಕೂ ಮುಟ್ಟುವಂತೆ ಕೂಗಿದಳು:

"ಹಾಡು ಸಾಕ್ರೀ ಮಾಸ್ತರಾ! ವಾರ್ತಾ ಎಷ್ಟಕ್ಕ ಬರ್ತಾವು?"