ಒಳಗ್ಯಾರಿದ್ದೀರಿ?

ಅಂತರಂಗ ಶೋಧನೆಗೆ ನಮ್ಮ ಜಯನಗರದಲ್ಲಿ ಸೌಕರ್ಯಕ್ಕೇನೂ ಕೊರತೆಯಿಲ್ಲ. ಕಣ್ಣು ಮುಚ್ಚಿ ಕೂರಲು ಪಾರ್ಕುಗಳಿವೆ, ಒಂಬತ್ತನೇ ಬ್ಲಾಕಿನಲ್ಲಿ ರಾಗಿಗುಡ್ಡವಿದೆ. ಕಣ್ಣು ಮುಚ್ಚಿದರೂ ಮನಸ್ಸು ನಿಲ್ಲದವರಿಗೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ನೆಂಟರ ಕಣ್ಣಿಗೆ ಬಿದ್ದೇವೆಂಬ ಅಳುಕಿದ್ದರೆ ಬಿ.ಟಿ.ಎಂ. ಲೇಔಟ್‌ನಲ್ಲಿ ಅದೇ ಸಂಸ್ಥೆಯ ಕ್ಷೇಮ ಕೇಂದ್ರವೂ ಇದೆ. ತೊಡಕು ಬೇರೆ. ನನ್ನೊಳಗೆ ಹೋಗಿ ವಿಚಾರಿಸಿದರೆ ಅಲ್ಲಿ ಕೂತಿರುವವಳು ನಿಜ ಹೇಳುವುದಿಲ್ಲ.

ಮೊನ್ನೆ ಮಂಗಳವಾರ ಪಕ್ಕದ ಮನೆಯವರು ಬನಶಂಕರಿ ದೇವಸ್ಥಾನಕ್ಕೆ ಕರೆದರು, ಹೊರಟೆ. ಊರೆಲ್ಲ ಕೆಟ್ಟದ್ದೆನ್ನುವ ರಾಹುಕಾಲವೇ ಈ ತಾಯಿಗೆ ಪ್ರೀತಿ. ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಒಳಮೈಯನ್ನು ಹೊರಕ್ಕೆ ಮಗುಚಿ ದೀಪ ಹಚ್ಚುತ್ತಾರೆ. ಮನಸ್ಸನ್ನೂ ಹೀಗೆ ಮಗುಚಿ ನೋಡಬಾರದೇಕೆ ಎನಿಸಿ, ಸಾಲಿನಲ್ಲಿ ನಿಂತೇ ವಿಚಾರಣೆ ಶುರುಮಾಡಿದೆ.

‘ಯಾಕೆ ಬಂದೆ?’

‘ಭಕ್ತಿ.’

‘ಆಹಾ.’

‘ಸರಿ, ಅವರಿಗೆ ಜೊತೆಗಿರಲಿ ಅಂತ.’

‘ಜೊತೆಗೋ, ಅವರ ಹರಕೆ ಮಗಳ ಮದುವೆಗೋ ಮಗನ ಡೈವೋರ್ಸಿಗೋ ಅಂತ ತಿಳ್ಕೊಳ್ಳೋಕೋ?’

‘ಅದು ಕಾಳಜಿ!’

ನಿಂಬೆಹಣ್ಣು ಮಾರುವಾಕೆ ಇಷ್ಟೆಲ್ಲ ಶೋಧನೆಗೆ ಹೋಗಲಿಲ್ಲ. ನನ್ನ ಮುಖವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, ‘ನಿಮಗೆ ಎರಡು ಸಾಕು ಬಿಡಮ್ಮ, ಕಷ್ಟ ಅವರದಲ್ವಾ?’ ಎಂದಳು.

ಜರ್ಮನಿಯ ಮನಃಶಾಸ್ತ್ರಜ್ಞ ವಿಲ್‌ಹೆಲ್ಮ್ ವುಂಟ್‌ಗೆ ಇಂಥ ಸಹಾಯಕಿ ಸಿಗಲಿಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಶಾಲೆ ತೆರೆದು, ಸದ್ದು ಕೇಳಿದಾಗ, ಬೆಳಕು ಕಂಡಾಗ ಒಳಗೇನಾಯಿತು ಎಂದು ಜನರಿಂದಲೇ ಹೇಳಿಸಿದ. ಒಬ್ಬರು ಒಳಗೆ ಕಂಡದ್ದನ್ನು ಇನ್ನೊಬ್ಬರು ಇಣುಕಿ ನೋಡಿ ಹೌದೆನ್ನುವ ಹಾಗಿಲ್ಲವಲ್ಲ. ಮುಂದಿನ ತಲೆಮಾರಿನವರು ಈ ದಾರಿಯನ್ನೇ ಬದಿಗಿಟ್ಟರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಬಾನುಲಿ ನಿಲಯ ಆರಂಭಿಸಿದರು. ಒಳಗಿನ ದನಿಗಿಂತ ಆಕಾಶದ ದನಿ ಹಿಡಿಯುವುದೇ ಸುಲಭವೆನಿಸಿತೋ ಏನೋ. (ಇದು ನನ್ನ ಊಹೆ, ಅವರ ಒಳಗೂ ನಾನು ಹೋಗಿ ನೋಡಿದವಳಲ್ಲ.)

ನನಗೆ ಹಿಡಿಸುವ ದಾರಿ ರಾಶಿಯವರದು. ವೃತ್ತಿಯಿಂದ ವೈದ್ಯರಾಗಿದ್ದ, ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಆರಂಭಿಸಿ ಇಪ್ಪತ್ತೈದು ವರ್ಷ ನಾಡನ್ನು ನಗಿಸಿದರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ವಿಚಾರ ಬರೆದ ‘ಮನಮಂಥನ’ಕ್ಕೆ. ಗಂಭೀರ ಮುಖ ಹೊತ್ತು ಒಳಗಿಳಿದವರು ‘ನನ್ನಂಥ ಸ್ವಾರ್ಥಿ ಇನ್ನೊಬ್ಬರಿಲ್ಲ’ ಎಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಅದರಲ್ಲೂ ಮೊದಲ ಬಹುಮಾನ ತಮಗೇ ಬೇಕು!

ಇನ್ನೊಂದು ದಿನ ಜೆ.ಪಿ. ನಗರದ ತಂಗಿಯ ಮನೆಗೆಂದು ಮೆಟ್ರೊ ಹತ್ತಿದ್ದೆ. ಸೌತ್ ಎಂಡ್ ಸರ್ಕಲ್‌ನಲ್ಲಿ ಅಜ್ಜಿಯೊಬ್ಬರು ಹತ್ತಿದರು. ತಕ್ಷಣ ಎದ್ದು ಸೀಟು ಬಿಟ್ಟೆ. ‘ಬೇಡಮ್ಮ, ಮುಂದಿನ ಸ್ಟೇಷನ್ನೇ ನಂದು’ ಎಂದು ಅವರು ಬಾಗಿಲ ಬಳಿ ಹೋದರು. ಆ ಜಾಗದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಕೂತ. ನನಗೆ ಉರಿಯಿತು.

‘ನೀನು ಬಿಟ್ಟದ್ದು ದಯೆಯಿಂದ ತಾನೇ? ಯಾರು ಕೂತರೇನು?’

‘ಅಜ್ಜಿ ಒಂದು ಥ್ಯಾಂಕ್ಸ್ ಆದ್ರೂ...’

‘ಹಾಂ, ಬಂತು ನೋಡು.’

ಅಷ್ಟರಲ್ಲಿ ಜಯನಗರ ದಾಟಿತ್ತು. ಹುಡುಗ ತಲೆ ಎತ್ತಿ, ‘ಬನ್ನಿ ಆಂಟಿ, ಕೂತ್ಕೊಳ್ಳಿ’ ಎಂದು ಎದ್ದ. ಅವನ ಉದ್ದೇಶ ನನಗೆ ಥಟ್ಟನೆ ಹೊಳೆಯಿತು. ಮುಂದಿನದು ಆರ್.ವಿ. ರಸ್ತೆ, ಹಳದಿ ಮಾರ್ಗಕ್ಕೆ ಹೋಗುವವರೆಲ್ಲ ಇಳಿಯುವ ಜಾಗ. ಹೇಗೂ ಇಳಿಯುವವನು ಪುಕ್ಕಟೆ ಪುಣ್ಯ ಕಟ್ಟಿಕೊಳ್ಳುತ್ತಿದ್ದಾನೆ! ಇನ್ನೊಬ್ಬರ ಅಂತರಂಗ ಎಷ್ಟು ಸಲೀಸಾಗಿ ಕಾಣುತ್ತದೆ, ಕನ್ನಡಕವೂ ಬೇಡ.

ಆರ್.ವಿ. ರಸ್ತೆ ಬಂತು. ಹುಡುಗ ಇಳಿಯಲಿಲ್ಲ. ಬನಶಂಕರಿಯಲ್ಲೂ ಇಳಿಯಲಿಲ್ಲ, ಕಂಬ ಹಿಡಿದು ನಿಂತೇ ಇದ್ದ. ಹಾಗಾದರೆ ಇವನ ಕಣ್ಣಿಗೆ ನಾನು ಮುದುಕಿ. ಉದ್ದೇಶ ಕೆಟ್ಟದ್ದೇ ಎಂದು ತೀರ್ಮಾನಿಸಿ ಜೆ.ಪಿ. ನಗರದಲ್ಲಿ ಇಳಿದೆ.