ಪದಕ ರಾಜಧಾನಿಗೆ, ಹೊಗೆ ಸೇಡಂಗೆ

ಬೆಂಗಳೂರಿನ ಗಾಜಿನ ಕಟ್ಟಡಕ್ಕೊಂದು ಹಸಿರು ಪದಕ ಬಂದಾಗಲೆಲ್ಲ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯವರು ಪೇಡೆ ಹಂಚಬೇಕು. ಅದರ ಪಾಪವನ್ನು ಮುಂಗಡವಾಗಿ ಹೊತ್ತವರು ಇವರೇ ತಾನೆ!

ದೊಡ್ಡ ಕಟ್ಟಡಗಳಿಗೆ ಮೂಗುದಾರ ಹಾಕಲು ಕಾನೂನಿದೆ. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿದ್ಯುತ್ ಹೊರೆ 100 ಕಿಲೋವಾಟ್ ಮುಟ್ಟಿದರೆ ಕಟ್ಟಡ ಸಂಹಿತೆಯ ಲೆಕ್ಕಕ್ಕೆ ಬರುತ್ತದೆ. ರಾಜ್ಯ ಮನಸ್ಸು ಮಾಡಿದರೆ ಆ ಮಿತಿಯನ್ನು ಇನ್ನೂ ಇಳಿಸಬಹುದು. ಅಂದರೆ ಕಟ್ಟಡದ ದೊಡ್ಡಸ್ತಿಕೆ ಇರುವುದು ಗೋಡೆಯಲ್ಲಲ್ಲ, ಮೀಟರಿನಲ್ಲಿ. ಎಲ್‌ಇಡಿ ಹಾಕಿ, ಏಸಿಗೆ ಸ್ಟಾರ್ ಅಂಟಿಸಿ, ತಾರಸಿಗೆ ಸೋಲಾರ್ ಹೊದಿಸಿದರೆ ಪುಣ್ಯ ಜಮಾ.

ಗೋಡೆಯ ಸಿಮೆಂಟು ಎಲ್ಲಿಂದ ಬಂತು? ವಾಡಿಯಿಂದ, ಒಂದು ಕಾಲಕ್ಕೆ ರಾಷ್ಟ್ರಕೂಟರು ಆಳಿದ ಮಳಖೇಡದಿಂದ. ಅಲ್ಲಿನ ಗೂಡುಗಳಲ್ಲಿ ಕಾವು 1,450 ಡಿಗ್ರಿ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಕಲ್ಲಿನ ಹೊಟ್ಟೆಯಿಂದಲೇ ಏಳುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ. ಯಾವ ಎಲ್‌ಇಡಿ ಬಲ್ಬೂ ಇದನ್ನು ತಡೆಯಲಾರದು.

ಹಾಗೆಂದು ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2025ರ ಅಕ್ಟೋಬರ್‌ನಲ್ಲಿ ಕೇಂದ್ರವು ಸಿಮೆಂಟ್ ಕಾರ್ಖಾನೆಗಳಿಗೂ ಗುರಿ ಕೊಟ್ಟಿದೆ: ಟನ್ನಿಗೆ ಇಷ್ಟೇ ಹೊಗೆ. ಎಷ್ಟು ಟನ್ ಎಂದು ಮಾತ್ರ ಕೇಳುವಂತಿಲ್ಲ. ಬೀಡಿಗೆ ಎರಡು ದಮ್ಮು ಕಡಿಮೆ ಎಳೀರಿ, ದಿನಕ್ಕೆ ಕಟ್ಟು ಎಷ್ಟಾದರೂ ಸೇದ್ರಿ ಎಂದ ಡಾಕ್ಟರರ ಹಾಗೆ.

ಅದೇ ಸುಣ್ಣದ ಕಲ್ಲನ್ನು ಸುಡದೆ, ಸೀಳಿ ಪೇರಿಸಿದರೆ ಅದೇ ಶಹಾಬಾದ ಫರಸಿ. ಚಿತ್ತಾಪುರ ಕಡೆಯ ಹಳೇ ಮಾಳಿಗಿ ಮನೆಗೆ ಮೇ ತಿಂಗಳ ಬಿಸಿಲಲ್ಲಿ ಹೋಗಿ ನೋಡಿ. ಮೊಳದಗಲದ ಕಲ್ಲಿನ ಗೋಡೆ, ಮೇಲೆ ಮಣ್ಣು. "ಒಳಗ ಬರ್ರಿ, ತಂಪದ" ಎನ್ನುತ್ತಾಳೆ ಅವ್ವ. ಏಸಿಯಿಲ್ಲ, ಹೊರೆಯಿಲ್ಲ, ಹಾಗಾಗಿ ಸ್ಟಾರೂ ಇಲ್ಲ. ಸಿಮೆಂಟ್ ಫ್ಯಾಕ್ಟ್ರಿಯಲ್ಲಿ ದುಡಿಯುವ ಮಗ ನಾಳೆ ಅದನ್ನು ಕೆಡವಿ ಆರ್‌ಸಿಸಿ ಹಾಕಿಸುತ್ತಾನೆ, ಒಳಗೆ ಕುದಿಯುತ್ತಾ ಏಸಿ ಕೊಳ್ಳುತ್ತಾನೆ. ಆಗ ಅದಕ್ಕೂ ಐದು ಸ್ಟಾರು. ಉಳಿತಾಯ ಎಂದರೆ ಇದು!

ನನ್ನದೊಂದು ತಿದ್ದುಪಡಿ. ಕಟ್ಟಡವನ್ನು ಮೀಟರಿನಿಂದಲ್ಲ, ವಾಡಿಯ ಲಾರಿ ಕಾಟಾದಿಂದ ಅಳೆಯಿರಿ. ಬಾಗಿಲಲ್ಲಿ ಪದಕದ ಪಕ್ಕ ಇಷ್ಟು ಬರೆಸಿ: 'ಈ ಕಟ್ಟಡ ತಿಂದ ಸಿಮೆಂಟು ಇಷ್ಟು ಚೀಲ. ಅದರ ಹೊಗೆಯನ್ನು ಕಲಬುರಗಿ ಜಿಲ್ಲೆಯಲ್ಲಿ ಬಿಡಲಾಗಿದೆ. ಧೂಳಿಗೆ ತೊಗರಿ ಹೊಲದವರು ಸಹಕರಿಸಿದ್ದಾರೆ.' ಇಷ್ಟುದ್ದದ ಫಲಕಕ್ಕೆ ಕಲ್ಲು ಸಿಗದಿದ್ದರೆ ಹೇಳಿ, ಶಹಾಬಾದದಿಂದ ಕಳಿಸುತ್ತೇವೆ. ಲಾರಿ ಬಾಡಿಗೆ ಮಾತ್ರ ನಿಮ್ಮದು.