ಹುಳ ಹುಡುಕುವ ಗಿರಾಕಿ

ಬದನೆಕಾಯಿಯಲ್ಲಿ ಹುಳ ಕಂಡರೆ ಮುಖ ಅರಳುವ ಮನುಷ್ಯರು ಈಗ ಮಾನ್ವಿ ಕಡೆಗೂ ಸಿಗುತ್ತಾರೆ. ಈ ಜಾತಿ ಬೆಂಗಳೂರಿಗಷ್ಟೇ ಮೀಸಲು ಎಂದುಕೊಳ್ಳಬೇಡಿ. ಹಿರೇಕೊಟ್ನೆಕಲ್‌ನಂಥ ಊರಿನಿಂದ ಸಾಮಾನಿಗೆಂದು ರಾಯಚೂರಿನ ಬಸ್ಸು ಹತ್ತುವವರಲ್ಲೂ ಒಬ್ಬ ಸಾವಯವ ಗಿರಾಕಿ ಇದ್ದೇ ಇರುತ್ತಾನೆ. ಹೆಚ್ಚಾಗಿ ನಿವೃತ್ತ ಮೇಷ್ಟ್ರು, ಇಲ್ಲವೇ ಶುಗರ್ ಬಂದ ಮೇಲೆ ಜ್ಞಾನೋದಯವಾದ ಗುತ್ತಿಗೆದಾರ. ಕಾಯಿಪಲ್ಲೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಯಕ್ಕಾ, ಇದಕ್ಕ ಎಣ್ಣಿ ಹೊಡದಿಲ್ಲ ಹೌದಿಲ್ಲೋ?” ಎಂದು ಕೇಳುತ್ತಾನೆ. “ಇಲ್ರೀ ಸರ, ಬರೇ ತಿಪ್ಪಿ ಗೊಬ್ಬರ” ಎನ್ನುತ್ತಾಳೆ ಆಕೆ. ಹೊಡೆದಿದ್ದರೂ ಆಕೆ ಹೇಳುವುದು ಇದನ್ನೇ ಎಂಬುದು ಹಿಂದೆ ಚೀಲ ಹಿಡಿದು ಕಾಯುತ್ತಿರುವವರಿಗೆಲ್ಲ ಗೊತ್ತು. ಆತನಿಗೆ ಮಾತ್ರ ಪರೀಕ್ಷೆ ಈಗಷ್ಟೇ ಶುರು. ಒಂದೊಂದೇ ಕಾಯಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಾನೆ, ತೊಟ್ಟು ಮೂಸುತ್ತಾನೆ, ತೂತಿರುವುದನ್ನೇ ಆರಿಸಿ ಚೀಲಕ್ಕೆ ಹಾಕಿ, “ಹುಳ ಅದಾವ, ಸ್ವಲ್ಪ ಕಮ್ಮಿ ಮಾಡು” ಎಂದು ಚೌಕಾಸಿಗೂ ನಿಲ್ಲುತ್ತಾನೆ!

ಹುಳ ಸುಳ್ಳು ಸಾಕ್ಷಿ. ಕಾಯಿಕೊರಕದ ಮರಿ ಒಮ್ಮೆ ಬದನೆಯೊಳಗೆ ಸೇರಿತೆಂದರೆ ಮೇಲೆ ಹೊಡೆದ ಎಣ್ಣೆ ಅದಕ್ಕೆ ತಾಕುವುದಿಲ್ಲ. ಮೇಲಿಂದ ಮೇಲೆ ಹೊಡೆದ ಹೊಲದ ಕಾಯಲ್ಲೂ ಅದು ಆರಾಮಾಗಿ ಇರುತ್ತದೆ. ಬೆಲ್ಲದ ಬಣ್ಣವೂ ಅರ್ಧ ಸಾಕ್ಷಿಯೇ. ಹೈಡ್ರೋಸ್ ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುವುದು ನಿಜ, ಆದರೆ ಕಪ್ಪಗಿದ್ದ ಮಾತ್ರಕ್ಕೆ ಆ ಕಬ್ಬಿಗೆ ಯೂರಿಯಾ ಬಿದ್ದಿಲ್ಲ ಎಂದಾಗುವುದಿಲ್ಲ. ಇದೇ ಮನುಷ್ಯ ರಾಯಚೂರಿನ ತಂಪು ಅಂಗಡಿಗೆ ಕಾಲಿಟ್ಟರೆ ಅನುಮಾನವೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ. ಕಂದು ಕಾಗದದ ಪೊಟ್ಟಣ, ಸೆಣಬಿನ ದಾರ, ನೇಗಿಲು ಹೊತ್ತ ಮುದುಕನ ಚಿತ್ರ, ‘ನ್ಯಾಚುರಲ್’, ‘ದೇಸಿ’, ‘ಪ್ಯೂರ್’ ಎಂಬ ದಪ್ಪಕ್ಷರ ಇಷ್ಟಿದ್ದರೆ ಕೇಳಿದ ಬೆಲೆ ಎಣಿಸುತ್ತಾನೆ. ಚೌಕದೊಳಗಿನ ಹಸಿರು ಚುಕ್ಕೆಯನ್ನು ತೋರಿಸಿ, “ನೋಡ್ರಿ, ಗೌರ್ಮೆಂಟಿನ ಗುರುತು” ಎಂದು ಪಕ್ಕದವರಿಗೆ ಪಾಠವನ್ನೂ ಹೇಳುತ್ತಾನೆ. ಆ ಚುಕ್ಕೆ ಹೇಳುವುದು ಒಳಗಿನದು ಸಸ್ಯಾಹಾರ ಎಂದಷ್ಟೇ. ಚುಕ್ಕೆ ನೋಡಿ ಸಾವಯವ ಎನ್ನುವುದಾದರೆ ಕುರುಕುರೆಯೂ ಸಾವಯವವೇ.

ನೋಡಬೇಕಾದದ್ದು ಪೊಟ್ಟಣದ ಹಿಂದೆ, ಸಣ್ಣಕ್ಷರದಲ್ಲಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಸಾವಯವ ಆಹಾರಕ್ಕೆಂದೇ ನಿಯಮ ಮಾಡಿತು. 2018ರ ಜುಲೈನಿಂದ ಅವು ಜಾರಿಯಲ್ಲಿವೆ. ‘ಸಾವಯವ’ ಎಂದು ಮಾರುವ ಪೊಟ್ಟಣದ ಮೇಲೆ ಎಲೆಯಿರುವ ‘ಜೈವಿಕ್ ಭಾರತ್’ ಮುದ್ರೆ, 14 ಅಂಕಿಯ ಪರವಾನಗಿ ಸಂಖ್ಯೆ, ಜೊತೆಗೆ ಎರಡು ಪದ್ಧತಿಗಳಲ್ಲಿ ಒಂದರ ಗುರುತು ಇರಬೇಕು. ಒಂದು ಎನ್‌ಪಿಒಪಿ: ಹೊರಗಿನ ಪ್ರಮಾಣನ ಸಂಸ್ಥೆ ಹೊಲಕ್ಕೆ ಬಂದು ಪರಿಶೀಲಿಸಿ ಕೊಡುವುದು, ಅದರ ಮುದ್ರೆ ‘ಇಂಡಿಯಾ ಆರ್ಗ್ಯಾನಿಕ್’. ಇನ್ನೊಂದು ಪಿಜಿಎಸ್: ಕನಿಷ್ಠ ಐದು ರೈತರ ಗುಂಪು ಒಬ್ಬರ ಹೊಲವನ್ನೊಬ್ಬರು ನೋಡಿ ಸಹಿ ಹಾಕುವುದು. ನಮ್ಮ ಗಿರಾಕಿ ಎಡವುವುದು ಇಲ್ಲೂ. ‘ಪಿಜಿಎಸ್ ಗ್ರೀನ್’ ಎಂದಿದ್ದರೆ ಹಸಿರು ಕಂಡು ಹಿಗ್ಗುತ್ತಾನೆ. ಅದರ ಅರ್ಥ ಆ ಹೊಲ ಇನ್ನೂ ಸಾವಯವಕ್ಕೆ ಹೊರಳುತ್ತಿದೆ, ಮುಟ್ಟಿಲ್ಲ ಎಂದು. ಹೊರಳುವುದಕ್ಕೂ ಕಾಲ ಬೇಕು: ಎನ್‌ಪಿಒಪಿ ಲೆಕ್ಕದಲ್ಲಿ ಜೋಳ, ಭತ್ತದಂಥ ಬೆಳೆಗೆ ಬಿತ್ತುವ ಮೊದಲೇ ಎರಡು ವರ್ಷ.

“ಮುದ್ರೆಯನ್ನೂ ಖೋಟಾ ಹೊಡೆಯುತ್ತಾರಲ್ಲ?” ಎನ್ನಬಹುದು. ಹೊಡೆಯುತ್ತಾರೆ. ಆದರೆ ಸಂಖ್ಯೆಯನ್ನು ಕೂತಲ್ಲೇ ಮೊಬೈಲಿನಲ್ಲಿ ತಾಳೆ ನೋಡಬಹುದು. ನೇಗಿಲು ಹೊತ್ತ ಮುದುಕನನ್ನು ಯಾವ ಪಟ್ಟಿಯಲ್ಲಿ ಹುಡುಕುತ್ತೀರಿ? ಇದಕ್ಕಿಂತ ಗಟ್ಟಿ ಆಕ್ಷೇಪ ನಮ್ಮ ಕಾಲುವೆಯಿಂದಲೇ ಬರುತ್ತದೆ. ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗಳಲ್ಲಿ ನೀರು ಮೇಲಿನವನ ಮಡಿಯಿಂದ ಕೆಳಗಿನವನ ಮಡಿಗೆ ಇಳಿಯುತ್ತದೆ. ಮೇಲಿನವನ ಸರ್ಕಾರಿ ಗೊಬ್ಬರ ಬದುವಿನ ಮಾತು ಕೇಳುವುದಿಲ್ಲ. ಅದಕ್ಕೇ ನಿಯಮದಲ್ಲಿ ನಡುವೆ ತಡೆಪಟ್ಟಿ ಬಿಡಬೇಕೆಂದಿದೆ. ಮುದ್ರೆ ಹೇಳುವುದು ಬೆಳೆದ ರೀತಿಯನ್ನು. ಕಾಳಿನಲ್ಲಿ ವಿಷದ ಕಣವೇ ಇಲ್ಲ ಎಂಬ ಜಾಮೀನು ಅದಲ್ಲ. ಇಷ್ಟು ಒಪ್ಪಿಕೊಂಡರೂ ಹುಳದ ತೂತಿಗಿಂತ ಅದು ಎಷ್ಟೋ ವಾಸಿ.

ಮೇಷ್ಟ್ರ ಕೊನೆಯ ಅಸ್ತ್ರ, “ನಮ್ಮಜ್ಜಿ ಯಾವ ಲೇಬಲ್ ನೋಡಿದ್ಲು?” ಎಂಬುದು. ಮಾತಿನಲ್ಲಿ ಹುರುಳಿದೆ. ಅಜ್ಜಿಯ ಬಿಳಿಜೋಳ ಹಗೇವಿನಿಂದ ಬರುತ್ತಿತ್ತು, ಹಗೇವಿಗೆ ತುಂಬಿದವನು ಗಂಡನೋ ಮೈದುನನೋ ಆಗಿರುತ್ತಿದ್ದ. ಮೇಷ್ಟ್ರು ಹುಡುಕುತ್ತಿರುವುದೂ ಬಹುಶಃ ಹುಳವನ್ನಲ್ಲ, ಆ ಮೈದುನನಂಥ ಒಬ್ಬನನ್ನು. ಪಾಪ, ಸಿಕ್ಕುವುದು ಪೊಟ್ಟಣ. ಕಾನೂನೂ ಇದನ್ನು ತಕ್ಕಮಟ್ಟಿಗೆ ಬಲ್ಲದು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟಿರುವ ರೈತ ತಾನು ಬೆಳೆದದ್ದನ್ನು ತಿನ್ನುವವರಿಗೇ ನೇರ ಮಾರಿದರೆ ಪ್ರಮಾಣಪತ್ರ ಬೇಕಿಲ್ಲ. ಜೈವಿಕ್ ಭಾರತ್ ಮುದ್ರೆ ಮಾತ್ರ ಹಾಕುವಂತಿಲ್ಲ. ಅಂಥವನ ಮಾಲಿಗೆ ಸಾಕ್ಷಿ ಅವನ ಹೊಲವೇ. ಬದನೆಕಾಯಿಗೆ ಕಳೆಯುವ ಹೊತ್ತಿನಲ್ಲಿ ಮೇಷ್ಟ್ರು ಅಲ್ಲಿಗೊಮ್ಮೆ ಹೋಗಿಬರಬಹುದು. ತಿಪ್ಪೆ ಇದೆಯೇ, ದನ ಎಷ್ಟಿವೆ, ಬದುವಿನ ಜಾಲಿ ಬುಡದಲ್ಲಿ ಎಣ್ಣೆಯ ಖಾಲಿ ಬಾಟಲಿ ಬಿದ್ದಿವೆಯೇ ಎಂದು ನೋಡಲು ಕನ್ನಡಕವೂ ಬೇಕಾಗುವುದಿಲ್ಲ. ಬಿಸಿಲು ಮಾತ್ರ ರಾಯಚೂರಿನದು, ಟೋಪಿ ಇರಲಿ.